ಹಸಿ ಕಟ್ಟಿಗೆಯ ಕಮಾನು

ಕುದುರೆಯ ಬಾಲವನ್ನು ನಂಬಿ ಸಂಸಾರ ಹೂಡಿದವನು ನಮ್ಮ ಚಿಕ್ಕೋಡಿಯಲ್ಲಿ ನಾನೊಬ್ಬನೇ ಇರಬೇಕು. ಪಿಟೀಲು ಬಾರಿಸುವ ಕಮಾನು ಮಾಡುವುದು ನನ್ನ ಕಸುಬು. ಕಡ್ಡಿಯನ್ನು ಕೆಂಡದ ಶಾಖಕ್ಕೆ ಹಿಡಿದು ಬಗ್ಗಿಸಬೇಕು, ಒಂದು ಕಣ್ಣು ಮುಚ್ಚಿ ಅದರ ಡೊಂಕು ನೋಡಬೇಕು, ಬಿಳಿ ಗಂಡು ಕುದುರೆಯ ಬಾಲದ ಕೂದಲು ಕಟ್ಟಬೇಕು. ಹೆಣ್ಣು ಕುದುರೆಯದು ಆಗುವುದಿಲ್ಲ; ಅದರ ಬಾಲ ಸದಾ ಉಚ್ಚೆಯಲ್ಲಿ ನೆನೆದಿರುತ್ತದೆ. ಹೆಣ್ಣು ನೋಡಲು ಹೋದಾಗ ಇದನ್ನೆಲ್ಲ ಮಾವನವರಿಗೆ ವಿವರವಾಗಿ ಹೇಳಿದ್ದೆ. ಆದರೂ ಮಗಳನ್ನು ಕೊಟ್ಟರು. ರಾಯಬಾಗದ ಕಡೆ ಗಾಡಿ ಓಟದ ಶರ್ಯತ್ತಿಗೆ ಕುದುರೆ ಸಾಕಿದವರು ಮಾತ್ರ ನನ್ನನ್ನು ಕಂಡರೆ ಅದರ ಬಾಲವನ್ನು ಗೋಡೆಯ ಕಡೆ ತಿರುಗಿಸಿ ಕಟ್ಟುತ್ತಾರೆ.

ಹೆಸರು ಬಂದ ಮೇಲೆ ನನಗೊಂದು ಹಟವೂ ಬಂತು. ಯಾರಾದರೂ ಕಮಾನು ಸರಿಯಿಲ್ಲ ಎಂದರೆ ಅವರೆದುರೇ ಬಾರಿಸಿ ತೋರಿಸಿ, ದೋಷ ಅವರ ಕೈಯದೆಂದು ಒಪ್ಪಿಸಿಯೇ ಕಳಿಸುತ್ತಿದ್ದೆ. ಊರಲ್ಲಿ ನನಗೆ ಗೆಳೆಯರು ಕಡಿಮೆ.

ಕಳೆದ ದೀಪಾವಳಿ ಮುಗಿದ ಮೇಲೆ ಅಂಕಲಿಯ ಗುರುಪಾದ ಮಾಸ್ತರು ಬಂದರು. ಪ್ರಾಯದಲ್ಲಿದ್ದಾಗಿನಿಂದಲೂ ಅವರು ಹಿಡಿದದ್ದು ನನ್ನ ಕಮಾನನ್ನೇ.

"ತಮ್ಮಾ, ಕಮಾನು ನಡಗಾಕತ್ತೈತಿ. ಉದ್ದ ಸ್ವರ ಹಿಡದ್ರ ನಡುವ ಕಡದ ಹೋಗತೈತಿ," ಎಂದರು.

ಕೂದಲು ಬದಲಿಸಿದೆ. ವಾರದೊಳಗೆ ಮತ್ತೆ ಬಂದರು. ಬುಡಕ್ಕೆ ತುಸು ತೂಕ ಹಾಕಿಕೊಟ್ಟೆ. ಮತ್ತೆ ಬಂದರು. ಕೊನೆಗೆ ಹೊಸದನ್ನೇ ಮಾಡಿದೆ. ಅದನ್ನು ನಮ್ಮ ಪಡಸಾಲೆಯಲ್ಲೇ ಕೂತು ಬಾರಿಸಿದರು. ಸ್ವರ ನಡುಗಿತು. ನಡುಗುತ್ತಿದ್ದದ್ದು ಅವರ ಮಣಿಕಟ್ಟು. ಎಷ್ಟು ಕಮಾನು ಮಾಡಿಕೊಟ್ಟರೂ ಅದು ನಿಲ್ಲುವಂಥದ್ದಲ್ಲ. ಆ ಮನುಷ್ಯನಿಗೆ ಪಿಟೀಲು ಬಿಟ್ಟರೆ ಬೇರೇನೂ ಇರಲಿಲ್ಲ. ನನಗೆ ಬಹಳ ಸಂಕಟವಾಯಿತು.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಖರೇ ಹೇಳು. ತಪ್ಪು ಕಮಾನಿನಾಗ ಐತಿ, ಹೌದಲ್ಲೋ?"

"ಹೌದ್ರಿ ಮಾಸ್ತರ, ಕಮಾನಿನಾಗ ಐತಿ. ಕಟಗಿ ಹಸಿ ಇತ್ತು. ನಂದ ತಪ್ಪು."

ಅವರ ಮುಖ ಅರಳಿತು. ನನ್ನನ್ನು ಬಾಯಿಗೆ ಬಂದಂತೆ ಬೈದರು. ಅಷ್ಟು ಸಂತೋಷದಿಂದ ಬೈಯುವವರನ್ನು ನಾನು ಕಂಡಿರಲಿಲ್ಲ. ಮುಂದೆ ನಿಪ್ಪಾಣಿಯಿಂದ ಅಥಣಿಯವರೆಗೆ ಕಂಡಕಂಡವರಿಗೆಲ್ಲ ನಾನು ಹಸಿ ಕಟ್ಟಿಗೆಯ ಕಮಾನು ಮಾರುತ್ತೇನೆಂದು ಸಾರಿದರು. ಗಿರಾಕಿಗಳು ಮಿರಜಿನ ಕಡೆ ಹೊರಳಿದರು. ಶ್ರಾವಣದಲ್ಲಿ ಮಾಸ್ತರು ತೀರಿಕೊಂಡರು. ಹಾಸಿಗೆ ಹಿಡಿದಾಗಲೂ ನನ್ನನ್ನು ಬೈಯುತ್ತಿದ್ದರಂತೆ. ಅದನ್ನು ಕೇಳಿ ನನಗೆ ಅಳುವೂ ಬಂತು, ಸಮಾಧಾನವೂ ಆಯಿತು.

ಈಗ ಕೆಲಸ ಅಷ್ಟಕ್ಕಷ್ಟೇ. ಬೆಳಗ್ಗೆ ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಂಡು ಆರಾಮಾಗಿ ಕುಡಿಯುತ್ತ ಕೂರುತ್ತೇನೆ. ಮೊನ್ನೆ ಚಹಾ ತುಳುಕಿ ಧೋತರದ ಮೇಲೆ ಬಿತ್ತು. ನಿನ್ನೆಯೂ ಬಿತ್ತು. ಇವತ್ತು ಮತ್ತೆ ಬಿದ್ದಾಗ ಹೆಂಡತಿ ನನ್ನ ಕೈಯನ್ನು ನೋಡಿದಳು, ಆಮೇಲೆ ಬೇರೆ ಕಡೆ ನೋಡಿದಳು. ಮಾಸ್ತರಿಗೆ ನಾನು ಹೇಳಿದ್ದನ್ನು ಅವಳು ಅವತ್ತು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ್ದಳು.

"ಬಸಿ ಸರಿ ಇಲ್ರಿ," ಎಂದಳು. "ಸಂತ್ಯಾಗ ಬ್ಯಾರೆದು ತರ್ತೀನಿ."

ಆ ಬಸಿ ಮಾಡಿದವನನ್ನು ನಾನು ಬಾಯಿಗೆ ಬಂದಂತೆ ಬೈದೆ.