ಮಾವನ ಮನೆಯಲ್ಲಿ ನತ್ತೊ ಪ್ರತಾಪ

ಜಪಾನಿನಲ್ಲಿ ಮನುಷ್ಯರು ತಿನ್ನುವ ಯಾವ ಪದಾರ್ಥವನ್ನಾದರೂ ಸರಿ, ನನ್ನ ಮುಂದೆ ತಂದಿಡಿ, ಮುಖ ಕಿವುಚದೆ ತಿಂದು ತೋರಿಸುತ್ತೇನೆ! ಹೀಗೆಂದು ಹರ್ಕಮಾನ್ ಲಿಂಬು ಸವಾಲೆಸೆದು ಒಂಬತ್ತು ವರ್ಷಗಳಾಗಿದ್ದವು. ಇಷ್ಟರಲ್ಲಿ ತಂದಿಟ್ಟವರೆಲ್ಲ ಸೋತಿದ್ದರು. ಹುಳಿಗೆ ಕಿವಿಯವರೆಗೂ ಜುಮ್ಮೆನ್ನಿಸುವ ಉಮೆ ಕಾಯಿಯ ಉಪ್ಪಿನಕಾಯಿ, ಬಿಸಿ ಅನ್ನದ ಮೇಲೆ ಒಡೆದು ಸುರಿದ ಹಸಿ ಮೊಟ್ಟೆ, ಸ್ಕ್ವಿಡ್ಡನ್ನು ಅದರದೇ ಕರುಳಲ್ಲಿ ನೆನೆಸಿಟ್ಟ ಕೆಸರು, ಹಲ್ಲಿಗೆ ಸಿಕ್ಕರೂ ಸಿಗದಂತೆ ಜಾರುವ ಗೆಡ್ಡೆಹಿಟ್ಟಿನ ಕೊನ್ಯಾಕು, ಎಲ್ಲವೂ ಅವನ ಹೊಟ್ಟೆ ಸೇರಿ ತೆಪ್ಪಗಾಗಿದ್ದವು.

ಆದರೆ ಪ್ರತಿ ವಿಜಯೋತ್ಸವದ ಕೊನೆಗೂ ಯಾರಾದರೊಬ್ಬರು ತಲೆಯಾಡಿಸಿ ಕೇಳುತ್ತಿದ್ದರು: "ಅದೆಲ್ಲ ಸರಿ ಹರ್ಕ-ಸಾನ್, ನತ್ತೊ ಆಗುತ್ತಾ ನಿಮಗೆ?"

ಕ್ಷೌರದವನು ಕೇಳಿದ. ಅಂಚೆಯವನು ಕೇಳಿದ. ಹಲ್ಲಿನ ಡಾಕ್ಟರಂತೂ ಇವನ ಬಾಯೊಳಗೆ ಎರಡು ಕೈ, ಒಂದು ಕನ್ನಡಿ ಇಟ್ಟುಕೊಂಡೇ ಕೇಳಿದರು! ಹರ್ಕಮಾನನಿಗೆ ರಕ್ತ ಕುದಿಯುತ್ತಿತ್ತು. ಬೇಯಿಸಿದ ಸೋಯಾ ಕಾಳನ್ನು ಬೆಚ್ಚಗೆ ಮುಚ್ಚಿಟ್ಟು, ಗಬ್ಬೆಂದು ನಾರಿ, ನೂಲುನೂಲಾಗಿ ಎಳೆ ಬಂದಾಗ ತೆಗೆದರೆ ಅದು ನತ್ತೊ. ಅದನ್ನೇ ಪೂರ್ವ ನೇಪಾಳದ ಅವನ ಅಜ್ಜಿ ಜರಿಗಿಡದ ಎಲೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಮಾಡಿದರೆ ಅದು ಕಿನೆಮಾ. ಹಾಲು ಬಿಡಿಸಿದ್ದೇ ಕಿನೆಮಾ ಹಾಕಿ ಎಂಬಂಥ ವಂಶದವನನ್ನು ನತ್ತೊ ಆಗುತ್ತಾ ಎಂದು ಕೇಳುವುದೆಂದರೆ ಮೀನಿಗೆ ಈಜು ಬರುತ್ತಾ ಎಂದ ಹಾಗೆ.

ಇಷ್ಟೆಲ್ಲ ಸಹಿಸಿಕೊಂಡಿದ್ದವನು ಕೆರಳಿದ್ದು ಮಾವನ ಮನೆಗೆ ಬಂದ ಮೇಲೆ.

ಮಾವ ಒನೊದೆರಾ ಗೆಂಜಿರೋ ಉತ್ತರದ ಹಿಮದ ಸೀಮೆಯ ಪುಟ್ಟ ಊರಿನಲ್ಲಿ ಕೋಜಿ ಮಾಡುವವರು. ಹದವಾಗಿ ಬೆಂದ ಅಕ್ಕಿಯ ಮೇಲೆ ಬೂಷ್ಟಿನ ಬೀಜ ಉದುರಿಸಿ, ಬೆಚ್ಚನೆಯ ಕೋಣೆಯಲ್ಲಿ ಮಗುವಿನ ಹಾಗೆ ಕಾದರೆ ಬಿಳಿ ಹೂವರಳಿ ಕೋಜಿಯಾಗುತ್ತದೆ. ಮೊಸರಿಗೆ ಹೆಪ್ಪು ಹೇಗೋ ಸಾರಿಗೆ ಕದಡುವ ಸೋಯಾ ಮುದ್ದೆಯಾದ ಮಿಸೊಗೆ ಕೋಜಿ ಹಾಗೆ. ಫೆಬ್ರವರಿ ಬಂತೆಂದರೆ ಊರಿನ ಮನೆಮನೆಯೂ ವರ್ಷದ ಮಿಸೊ ಹಾಕುವ ಕಾಲ. ಗೆಂಜಿರೋರ ಕೋಜಿ ಕೆಟ್ಟರೆ ಇಡೀ ಊರಿಗೆ ವರ್ಷವಿಡೀ ಸಾರಿಲ್ಲ.

ಕೋಜಿ ಕೋಣೆಗೆ ವಾರಸುದಾರರಿಲ್ಲವೆಂದೇ ಹರ್ಕಮಾನ್ ಪಟ್ಟಣದ ಬುತ್ತಿ ಕಾರ್ಖಾನೆಯ ಕೆಲಸ ಬಿಟ್ಟು ಹೆಂಡತಿ ಚಿಗುಸಾಳೊಂದಿಗೆ ಇಲ್ಲಿಗೆ ಬಂದು ಮನೆ ಅಳಿಯನಾಗಿದ್ದ. ಬಂದು ನಾಲ್ಕು ತಿಂಗಳಾದರೂ ಮಾವ ಅವನನ್ನು ಆ ಕೋಣೆಯ ಹೊಸಿಲು ದಾಟಿಸಿರಲಿಲ್ಲ. ಅಕ್ಕಿಮೂಟೆ ಹೊತ್ತು ಬಾಗಿಲ ತನಕ ಬಾ, ಇಳಿಸು, ಹೋಗು. ಅಷ್ಟೇ. ಕೋಣೆಯೊಳಗಿರುವವರು ತೊಡುವ ಬಿಳಿ ಟೋಪಿಯೊಂದು ತನ್ನ ತಲೆಯ ಮೇಲೂ ಕೂರಬೇಕೆಂಬುದೇ ಈಗ ಅವನ ಜೀವನದ ಏಕೈಕ ಆಸೆ. ಬಾಗಿಲ ಮೇಲೆ ಕುಂಚದಲ್ಲಿ ಬರೆದ ಹಳೆಯ ಹಲಗೆಯೊಂದಿತ್ತು. ಆ ಸುರುಳಿ ಅಕ್ಷರ ಓದಲು ಬಾರದಿದ್ದರೂ ಯಾವುದೋ ಮನೆದೇವರ ಹೆಸರಿರಬೇಕೆಂದು ಹರ್ಕಮಾನ್ ದಿನಾ ಬೆಳಿಗ್ಗೆ ಅದಕ್ಕೆ ಭಕ್ತಿಯಿಂದ ಬಾಗಿ ನಮಸ್ಕರಿಸುತ್ತಿದ್ದ.

ಮಾವನನ್ನು ಕೇಳೋಣವೆಂದರೆ ಅವರ ಮಾತೆಲ್ಲ "ಹೂಂ"ನಲ್ಲಿ ಶುರುವಾಗಿ "ಹೂಂ"ನಲ್ಲೇ ಮುಗಿಯುತ್ತಿತ್ತು. ಹಾಗಾಗಿ ಹರ್ಕಮಾನ್ ತಾನೇ ಕಾರಣ ಹುಡುಕಿದ, ಹುಡುಕಿದವನಿಗೆ ಸಿಕ್ಕೂಬಿಟ್ಟಿತು! ಊರಿನ ಎಲ್ಲರ ಮನೆಯಲ್ಲೂ ಬೆಳಗಿನ ಊಟಕ್ಕೆ ನತ್ತೊ ಇರುತ್ತದೆ. ಈ ಮನೆಯಲ್ಲಿ ಮಾತ್ರ ಒಂದು ದಿನವೂ ಇಲ್ಲ!

"ಚಿಗುಸಾ, ನಿಮ್ಮನೇಲಿ ಯಾಕೆ ನತ್ತೊ ಕಣ್ಣಿಗೇ ಬೀಳಲ್ಲ?" ಎಂದು ಕೇಳಿದ.

ಗೆಳತಿಯ ಮದುವೆಗೆ ಹೊರಟು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಚಿಗುಸಾ ತಿರುಗಿದಳು. "ಅದು ನಮ್ಮನೆಗೆ ತರೋ ಹಾಗೇ ಇಲ್ಲ. ಯಾಕಂದ್ರೆ ಕೋಜಿ..."

"ಗೊತ್ತು ಬಿಡು, ಗೊತ್ತು!"

"ಏನು ಗೊತ್ತು? ಪೂರ್ತಿ ಕೇಳೋ ಮಾರಾಯ!"

"ಎಲ್ಲಾ ಗೊತ್ತು! ನೀನು ಹೋಗಿ ಮದುವೆ ಊಟ ಮಾಡ್ಕೊಂಡು ಬಾ!"

ಬಸ್ಸು ಹೊರಟಿತು. ಹರ್ಕಮಾನನಿಗೆ ಗೊತ್ತಾದದ್ದಿಷ್ಟು: ಹೊರದೇಶದ ಅಳಿಯನಿಗೆ ಆ ವಾಸನೆ ತಡೆಯಲಾಗದೆಂದು ಈ ಸಂಭಾವಿತ ಕುಟುಂಬ ತನಗಾಗಿ ಬಾಯಿ ಕಟ್ಟಿಕೊಂಡಿದೆ! ನತ್ತೊ ತಿನ್ನಲಾಗದವನಿಗೆ ಕೋಜಿ ಕೋಣೆಯೇ ಎಂದು ಮಾವ ಒಳಗೊಳಗೇ ಕೊರಗುತ್ತಿದ್ದಾರೆ! ಎಂಥ ತ್ಯಾಗ, ಎಂಥ ಅವಮಾನ! ಚಿಗುಸಾ ಬರುವಷ್ಟರಲ್ಲಿ ಲಿಂಬು ಕುಲದ ಮಾನ ಎತ್ತಿ ಹಿಡಿಯದಿದ್ದರೆ ತನ್ನ ಹೆಸರು ಹರ್ಕಮಾನನೇ ಅಲ್ಲ ಎಂದು ಬಸ್‌ಸ್ಟಾಪಿನಲ್ಲೇ ನಿರ್ಧರಿಸಿದ.

ಅಂಗಡಿಯ ಡಬ್ಬಿ ನತ್ತೊ ಅವನ ಘನತೆಗೆ ಸಾಲದು. ಅತ್ತೆ ಮಿಸೊಗೆಂದು ಇಟ್ಟಿದ್ದ ಸೋಯಾದಲ್ಲಿ ಎರಡು ಸೇರು ತೆಗೆದ. ಹೊಳೆಯಾಚೆಯ ಕುಮಗಾಯಿ ಅಜ್ಜಿಯ ಹತ್ತಿರ ಭತ್ತದ ಹುಲ್ಲು ಕೇಳಿ ತಂದ. ಕಾಳು ಬೇಯಿಸಿ, ಹುಲ್ಲಿನಲ್ಲಿ ಕಟ್ಟಿ, ಹಿತ್ತಲ ಕಡೆಯ ತಮ್ಮ ಬಿಡಾರದಲ್ಲಿ ಕೊತಾತ್ಸು ಮೇಜಿನ ಕೌದಿಯೊಳಗೆ ಕಾಲಿಡುವ ಬೆಚ್ಚನೆಯ ಜಾಗಕ್ಕೆ ತಳ್ಳಿದ. ಎರಡು ದಿನ ತನ್ನ ಕಾಲು ಮರಗಟ್ಟಿದರೂ ಪರವಾಗಿಲ್ಲ, ಕಾಳಿಗೆ ಸೆಕೆ ತಪ್ಪಬಾರದು!

ಮೂರನೆಯ ದಿನ ಬೆಳಿಗ್ಗೆ ಹುಲ್ಲು ಬಿಚ್ಚಿದಾಗ ಬಂದ ಆ ಪರಿಮಳ! ಎಳೆ ಎತ್ತಿದರೆ ಮೊಣಕೈ ತನಕ! ಅಜ್ಜಿ ಇದ್ದಿದ್ದರೆ ದೃಷ್ಟಿ ತೆಗೆಯುತ್ತಿದ್ದಳು ಎಂದು ಅವನ ಕಣ್ಣು ತುಂಬಿತು. ಇದಕ್ಕಿಂತ ಒಳ್ಳೆಯ ದಿನವೂ ಸಿಗುವಂತಿರಲಿಲ್ಲ. ಅಂದು ವರ್ಷದ ಅತಿ ದೊಡ್ಡ ಸರದಿ, ಅಕ್ಕಿ ಹರಡಿದ ನೂರಿಪ್ಪತ್ತು ಮಣೆ ಕೋಜಿ, ಒಳಗೆ ಹೂ ಕಟ್ಟುತ್ತಿತ್ತು. ಅತ್ತೆ ಸುಮಿಕೊ ನಸುಕಿನಿಂದ ಕೋಣೆ ಬಿಟ್ಟು ಕದಲಿರಲಿಲ್ಲ. ಮಾವ ಮಾತ್ರ ಬೆಳಗಿನ ಊಟಕ್ಕೆಂದು ಹೊರಬಂದು ಅಡಿಗೆಮನೆಯ ಬಾಗಿಲು ಸರಿಸಿದರು.

ಸರಿಸಿದವರು ಅಲ್ಲೇ ನಿಂತರು.

ಮೇಜಿನ ನಡುವೆ ಸೋಯಾ ಪರ್ವತ. ಅದರ ಹಿಂದೆ ಹರ್ಕಮಾನ್, ಎರಡನೆಯ ಬಟ್ಟಲು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದ. ಮೀಸೆಯಿಂದ ಗಲ್ಲಕ್ಕೆ, ಗಲ್ಲದಿಂದ ಅಂಗಿಗೆ ನತ್ತೊ ಎಳೆಗಳು ತೋರಣ ಕಟ್ಟಿದ್ದವು.

"ಮಾವ! ನೋಡಿ! ಮೂರನೇ ಬಟ್ಟಲು!"

ಗೆಂಜಿರೋರ ಮುಖ ಸುಣ್ಣದಂತಾಯಿತು. "ಹೂಂ" ಕೂಡ ಬರಲಿಲ್ಲ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲವೆಂದು ತಿಳಿದ ಹರ್ಕಮಾನ್ ಎದ್ದು ಅವರತ್ತ ಬಂದ.

"ಬರಬೇಡ," ಎಂದರು ಮಾವ.

"ನನಗೋಸ್ಕರ ನೀವೆಲ್ಲ ಎಷ್ಟು ಸಹಿಸಿದ್ರಿ ಮಾವ!"

"ಅಲ್ಲೇ ನಿಲ್ಲು!"

"ಇನ್ಮೇಲೆ ಆ ಕಷ್ಟ ಬೇಡ ಮಾವ!" ಎಂದವನೇ ಭಾವಾವೇಶದಲ್ಲಿ ಅವರ ಎರಡೂ ಕೈಗಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಒತ್ತಿಬಿಟ್ಟ.

ಹಿಮದಲ್ಲಿ ಕಾಲುಚೀಲದಲ್ಲೇ ಹೊರಗೋಡಿದ ಮಾವ ಕೈಗಳೆರಡನ್ನೂ ಮೈಗೆ ತಾಕದಂತೆ ಅಗಲಿಸಿಕೊಂಡು ಕೂಗಿದರು. "ಸುಮಿಕೊ! ಬಾಗಿಲು ತೆಗೀಬೇಡ! ನತ್ತೊ! ಮನೇಲಿ ನತ್ತೊ!"

ಬೆಂಕಿ ಬಿದ್ದಿದ್ದರೂ ಆ ಮನೆಯಲ್ಲಿ ಅಷ್ಟು ಗಲಾಟೆ ಆಗುತ್ತಿರಲಿಲ್ಲ. ಕೋಣೆಯ ದಪ್ಪ ಬಾಗಿಲಾಚೆಯಿಂದ ಅತ್ತೆಯ ದನಿ ಬಂತು. "ಯಾರು ತಂದಿದ್ದು?"

"ನಾನೇ ಮಾಡಿದ್ದು ಅತ್ತೆ!" ಎಂದ ಹರ್ಕಮಾನ್, ಆಗಲೂ ಹೆಮ್ಮೆಯಿಂದ.

"ಮಾಡಿದ್ದಾ? ಈ ಮನೇಲಾ? ಎಷ್ಟು ದಿನದಿಂದ?"

"ಎರಡು ದಿನ ಅತ್ತೆ. ನಮ್ಮ ಕೊತಾತ್ಸು ಒಳಗೆ."

ಒಳಗೆ ಮಣೆಗಳನ್ನು ಸರಸರನೆ ಬಾಗಿಲಿನಿಂದ ದೂರ ಸರಿಸುವ ಸದ್ದಾಯಿತು. ಆಮೇಲೆ ಬಂತು ಪ್ರಶ್ನೆ. "ಬಾಗಿಲ ಮೇಲಿನ ಹಲಗೆ ಕಾಣಲಿಲ್ವಾ ನಿಂಗೆ? ದಿನಾ ಅದಕ್ಕೆ ನಮಸ್ಕಾರ ಬೇರೆ ಹೊಡೀತಿದ್ಯಲ್ಲಪ್ಪ!"

"ದೇವರಲ್ವಾ ಅದು?"

"ನತ್ತೊ ತಿಂದವರು ಒಳಗೆ ಕಾಲಿಡಕೂಡದು ಅಂತಿದೆ ಅದರಲ್ಲಿ!"

ಆಗ ಹರ್ಕಮಾನನಿಗೆ ನಿಜವಾಗಿಯೂ ಗೊತ್ತಾಯಿತು. ನತ್ತೊವಿನ ಬ್ಯಾಕ್ಟೀರಿಯಾ ಮಹಾ ದುಷ್ಟ. ತಿಂದವನ ಕೈ, ಅಂಗಿ, ಉಸಿರಿಗಂಟಿ ಕೋಣೆ ಹೊಕ್ಕರೆ ಕೋಜಿಯನ್ನು ಮೂಲೆಗೆ ತಳ್ಳಿ ತಾನೇ ಯಜಮಾನನಾಗುತ್ತದೆ. ನೂರಿಪ್ಪತ್ತು ಮಣೆಯೂ ಲೋಳೆ! ಅದಕ್ಕೇ ಕೋಜಿ ಮನೆಗಳಲ್ಲಿ ನತ್ತೊಗೆ ಪ್ರವೇಶವಿಲ್ಲ. ಯಾವ ಮಠದಲ್ಲೂ ಇಷ್ಟು ಮಡಿ ಇರಲಾರದು. ಇವನೋ, ಮಡಿಕೋಣೆಯ ಹಿತ್ತಲಲ್ಲೇ ಮೈಲಿಗೆಯ ಕಾರ್ಖಾನೆ ತೆರೆದಿದ್ದ! ಊರವರ ಒಂದು ವರ್ಷದ ಸಾರು ಕಣ್ಣ ಮುಂದೆ ಹರಿದು ಹೋದಂತಾಯಿತು.

ಅತ್ತೆ ಬಾಗಿಲು ತೆರೆಯದೆಯೇ ರಾಜ್ಯಭಾರ ವಹಿಸಿಕೊಂಡರು. ಹುಲ್ಲು ಸುಡು, ಅಂಗಿ ಕುದಿಸು, ಅಡಿಗೆಮನೆ ಬಿಸಿನೀರಲ್ಲಿ ತೊಳಿ! ಚಿಗುಸಾಗೆ ಫೋನ್ ಮಾಡಿ, ಮನೆಗೆ ಬರದೆ ಕುಮಗಾಯಿ ಅಜ್ಜಿಯ ಮನೆಯಲ್ಲಿ ಸ್ನಾನ ಮಾಡಿ, ಕುದಿಸಿ ಒಣಗಿಸಿದ ಅಜ್ಜಿಯ ಬಟ್ಟೆ ಉಟ್ಟು, ನೇರ ಕೋಣೆಗೆ ಬಾ ಎಂದರು. ಇಷ್ಟರ ಮಧ್ಯೆ ಚಿಗುಸಾಳ ಫೋನು ಹರ್ಕಮಾನನಿಗೂ ಬಂತು.

"ಎಲ್ಲಾ ಗೊತ್ತು ಅಂದ್ಯಲ್ಲ?" ಎಂದಳು ಚಿಗುಸಾ.

"ಈಗ ಗೊತ್ತು," ಎಂದ ಹರ್ಕಮಾನ್.

"ಅಳಿಯನೂ ಮೈಲಿಗೆ, ನೀವೂ ಮೈಲಿಗೆ," ಎಂದು ಅತ್ತೆ ಗಂಡನಿಗೂ ತೀರ್ಪು ಕೊಟ್ಟರು. "ಇಬ್ಬರೂ ಹಿತ್ತಲ ಬಿಡಾರಕ್ಕೆ ಹೋಗಿ. ಐದು ದಿನ ಈ ಕಡೆ ತಲೆ ಹಾಕ್ಬೇಡಿ."

ಹೀಗೆ ಮಾವ ಅಳಿಯ ಒಂದೇ ಕೌದಿಯಡಿ ಕಾಲು ಚಾಚಿ ಎದುರುಬದುರು ಕುಳಿತರು. ಹರ್ಕಮಾನ್ ತಲೆ ಎತ್ತಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂದಂತಾಗಿತ್ತು ಅವನ ಸ್ಥಿತಿ. ನಲವತ್ತೊಂದು ವರ್ಷದ ಕಸುಬು, ನೂರಿಪ್ಪತ್ತು ಮಣೆ, ಎಲ್ಲಾ ತನ್ನ ಒಣಜಂಬಕ್ಕೆ ಬಲಿ.

ಮಧ್ಯಾಹ್ನದ ಹೊತ್ತಿಗೆ ಗೆಂಜಿರೋ ಕೆಮ್ಮಿದರು. "ಉಳಿದಿದೆಯಾ?"

"ಏನು ಮಾವ?"

"ಅದೇ."

"ಅದೇ ಅಂದ್ರೆ?"

"ಹೇಗೂ ಮೈಲಿಗೆ ಆಗಿದೀನಲ್ಲಯ್ಯಾ. ಇನ್ನೇನು ನೋಡೋದು? ತೆಗಿ!"

ಸುಡಲು ಮನಸ್ಸಾಗದೆ ಹರ್ಕಮಾನ್ ಮಂಚದಡಿ ಬಚ್ಚಿಟ್ಟಿದ್ದ ಎರಡು ಹುಲ್ಲುಕಟ್ಟು ಹೊರಬಂದವು. ಮಾವ ಕಡ್ಡಿಯಲ್ಲಿ ಕಲಸಿ, ಕಲಸಿ, ಬಿಸಿ ಅನ್ನದ ಮೇಲೆ ಸುರಿದು ಮೊದಲ ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಎಷ್ಟು ಹೊತ್ತಾದರೂ ತೆರೆಯಲಿಲ್ಲ.

"ನಮ್ಮಮ್ಮ ನನಗೆ ಅಂತ ತನ್ನ ತವರಲ್ಲಿ ಹುಲ್ಲಲ್ಲೇ ಕಟ್ಟೋಳು," ಎಂದರು ಕೊನೆಗೆ. "ಅಪ್ಪ ತೀರಿಕೊಂಡು ನಾನು ಕೋಣೆ ಸೇರಿದ ದಿನ ಬಿಟ್ಟಿದ್ದು. ಅಮ್ಮನೂ ಅವತ್ತಿಂದ ಕಟ್ಟಲಿಲ್ಲ. ಇದೇ ರುಚಿ ಕಣಯ್ಯಾ."

ನಾಲ್ಕು ತಿಂಗಳಲ್ಲಿ ಕೇಳಿದ ಎಲ್ಲ ಮಾತನ್ನೂ ಕೂಡಿಸಿದರೂ ಇಷ್ಟುದ್ದ ಆಗುತ್ತಿರಲಿಲ್ಲ. ಹರ್ಕಮಾನನ ಎದೆ ಎರಡಿಂಚು ಉಬ್ಬಿತು. ಅವನು ಅಜ್ಜಿಯ ಕಥೆ ಹೇಳಿದ, ಮಾವ ಅಮ್ಮನ ಕಥೆ ಹೇಳಿದರು. ಅಷ್ಟರಲ್ಲಿ ನತ್ತೊ ಮುಗಿಯಿತು.

ಮುಗಿದರೇನು, ಬಿಡಾರದಲ್ಲಿ ಇನ್ನಷ್ಟು ಕಾಳು ಇತ್ತಲ್ಲ! ಇಬ್ಬರೂ ಸೇರಿ ಅದನ್ನೂ ಬೇಯಿಸಿ ಅದೇ ಹುಲ್ಲಲ್ಲಿ ಕಟ್ಟಿಟ್ಟರು. ನಾಲ್ಕನೆಯ ದಿನ ಊಟದ ಬುಟ್ಟಿಯನ್ನು ಹಿಮದ ಸಲಿಕೆಯ ತುದಿಯಲ್ಲಿಟ್ಟು ದೂರದಿಂದಲೇ ಒಳಗೆ ತಳ್ಳುತ್ತಿದ್ದ ಅತ್ತೆ ಮೂಗರಳಿಸಿದರು. "ಮತ್ತೆ ತಿಂದ್ರಾ?"

ಇಬ್ಬರೂ ಶಾಲೆಯ ಮಕ್ಕಳಂತೆ ಬಾಯಿ ಒರೆಸಿಕೊಂಡರು.

"ಹಾಗಾದ್ರೆ ನಾಳೆಯಿಂದ ಮತ್ತೆ ಐದು ದಿನ!"

ಎಂಟನೆಯ ದಿನವೂ ಇದೇ ಸಂಭಾಷಣೆ ನಡೆಯಿತು. ಐದು ದಿನದ ಶಿಕ್ಷೆ ಬೆಳೆದು ಹದಿಮೂರಕ್ಕೆ ನಿಂತಿತು. ಅಷ್ಟೂ ದಿನ ಕೋಣೆಯನ್ನು ನಡೆಸಿದ್ದು ಅಮ್ಮ ಮಗಳು ಇಬ್ಬರೇ. ನೂರಿಪ್ಪತ್ತು ಮಣೆಯಲ್ಲಿ ಒಂದೂ ಲೋಳೆಯಾಗಲಿಲ್ಲ! ಮಾವ ತನ್ನನ್ನು ಹೊಸಿಲು ದಾಟಿಸದೆ ಇದ್ದದ್ದೇ ಊರನ್ನು ಉಳಿಸಿತು ಎಂಬುದು ಹೊಳೆದು ಹರ್ಕಮಾನ್ ಅಂಗೈ ನೋಡಿಕೊಂಡ.

ಹದಿನಾಲ್ಕನೆಯ ದಿನ ಕೋಜಿ ಒಯ್ಯಲು ಊರವರು ಅಂಗಳದಲ್ಲಿ ಸೇರಿದರು. ಕುಮಗಾಯಿ ಅಜ್ಜಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಈ ವರ್ಷದ್ದು ಯಾರ ಕೈಯದು? ಇಂಥಾ ಸಿಹಿ ನಾನು ಕಂಡಿಲ್ಲ!" ಎಂದರು. ಗೆಂಜಿರೋ ಸ್ನಾನ ಮಾಡಿ, ಕೈ ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡು ಬಂದರು. ಕೈಯಲ್ಲಿ ಹೊಚ್ಚ ಹೊಸ ಬಿಳಿ ಟೋಪಿ.

"ಕೋಜಿ ಕೋಣೆಗೆ ವಾರಸುದಾರ ಬೇಕು ಅಂತಿದ್ದೆ. ಸಿಕ್ಕಾಯ್ತು," ಎಂದರು.

ಅದು ತಾನೇ ಎಂದು ಹರ್ಕಮಾನನಿಗೆ ಖಾತ್ರಿಯಾಯಿತು. ಹದಿಮೂರು ದಿನ ಒಂದೇ ಕೌದಿ, ಒಂದೇ ಬಟ್ಟಲು, ಇನ್ಯಾರು ಮತ್ತೆ? ಟೋಪಿ ತೊಡಿಸಲು ಅನುಕೂಲವಾಗಲೆಂದು ಮುಂದೆ ಬಂದು ಸೊಂಟದಿಂದ ಬಾಗಿ ತಲೆ ಚಾಚಿ ನಿಂತ. ಊರವರು ಇದೇನೋ ಧನ್ಯವಾದದ ನಮಸ್ಕಾರವೆಂದುಕೊಂಡು ತಾವೂ ಒಟ್ಟಿಗೆ ಬಾಗಿದರು. ಎಲ್ಲರೂ ಬಾಗಿದ್ದಾಗ ಗೆಂಜಿರೋ ಅವನನ್ನು ದಾಟಿ ಹೋಗಿ ಟೋಪಿಯನ್ನು ಚಿಗುಸಾಳ ತಲೆಗೆ ತೊಡಿಸಿದರು.

ಹರ್ಕಮಾನ್ ತಲೆ ಎತ್ತುವುದರೊಳಗೆ ಹೊಸ ಯಜಮಾನಿ ಟೋಪಿ ಸರಿಮಾಡಿಕೊಂಡು ಮೊದಲ ಅಪ್ಪಣೆ ಹೊರಡಿಸಿಯೂ ಆಗಿತ್ತು. "ಇವತ್ತಿಂದ ಕುಮಗಾಯಿ ಅಜ್ಜಿಯ ಖಾಲಿ ಕೊಟ್ಟಿಗೆ ನಿನ್ನದು. ಹೊಳೆ ಆಚೆ ಇರೋದ್ರಿಂದ ಎಷ್ಟು ನತ್ತೊ ಬೇಕಾದ್ರೂ ಮಾಡ್ಕೋ. ಆದ್ರೆ ಸ್ನಾನ ಮಾಡದೆ ಸೇತುವೆ ಮೇಲೆ ಕಾಲಿಡಬೇಡ!"

"ಮಾವ! ನೋಡಿ ಇವಳು ನನ್ನನ್ನ ಹೊರಗೆ ಹಾಕ್ತಿದಾಳೆ! ನೀವಾದ್ರೂ ಹೇಳಿ!" ಎಂದು ಹರ್ಕಮಾನ್ ಗೋಗರೆದ.

ಗೆಂಜಿರೋ ತಮ್ಮ ನಲವತ್ತೊಂದು ವರ್ಷದ ಹಳೆಯ ಟೋಪಿಯನ್ನು ತೆಗೆದು ಹೆಂಡತಿಯ ಕೈಗಿಟ್ಟು, ಮೂಲೆಯಲ್ಲಿದ್ದ ಸೋಯಾ ಮೂಟೆಯ ಒಂದು ತುದಿ ಹಿಡಿದು ಅಳಿಯನತ್ತ ನೋಡಿದರು.

"ನಿಂತ್ಕೊಂಡು ಏನು ನೋಡ್ತೀಯಾ? ಆ ಕಡೆ ಹಿಡಿ. ನಾವಿಬ್ಬರೂ ಈಗ ಹೊರಗಿನೋರೇ."