ಮುದ್ರೆ ಹರಿಯದ ಜೋಡಿ

ಮಾರ್ಚ್ ಹದಿನಾಲ್ಕನೆಯ ತಾರೀಖು, ಭಾನುವಾರ, ಬೆಳಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ತಕ್ಕಡಿ ಸಾಹೇಬರ ಸಂಗೀತದ ಕೋಣೆಯಲ್ಲಿ ನಾಲ್ಕು ಸ್ಪೀಕರುಗಳಿದ್ದವು. ಸಂಜೆ ಆರರ ಹೊತ್ತಿಗೆ ಎರಡು ಮಾತ್ರ ಉಳಿಯಬೇಕಾಗಿತ್ತು. ಯಾವ ಎರಡು ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಸಾಹೇಬರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಇನ್ಸ್‌ಪೆಕ್ಟರು. ಯಾವ ಅಂಗಡಿಗೆ ಕಾಲಿಟ್ಟರೂ ಮೊದಲು ತಕ್ಕಡಿಯ ಮುದ್ರೆ ನೋಡುವುದು, ಆಮೇಲೆ ತೂಕ ನೋಡುವುದು ಅವರ ಕ್ರಮ. ಮುದ್ರೆ ನೋಡದೆ ತೂಗಲು ಹೋದ ಕಿರಿಯ ನೌಕರರಿಗೆ ಅವರು ಹಾಕುತ್ತಿದ್ದ ಛೀಮಾರಿ ಮೂರು ಬೀದಿಗೆ ಕೇಳಿಸುತ್ತಿತ್ತು.

ನಾಲ್ಕರಲ್ಲಿ ಎರಡು ಹಳೆಯವು. ರೇಡಿಯೊ ರಿಪೇರಿ ಮಾಡುತ್ತಿದ್ದ ಅವರ ಮಾವ, ಮಗಳ ಮದುವೆಗೆಂದು ಒಡೆದ ಬೀರುವಿನ ಹಲಗೆಯಿಂದ ಮೂರು ತಿಂಗಳು ಕೂತು ಮಾಡಿಕೊಟ್ಟ ಜೋಡಿ. ಮಾವ ತೀರಿಕೊಂಡು ಆರು ವರ್ಷವಾಗಿತ್ತು. ಎಡಗಡೆಯ ಪೆಟ್ಟಿಗೆಗೆ ಒಂದು ದೋಷವಿತ್ತು: ಹಾಡು ತೀರಾ ಕೆಳಗಿನ ಸ್ವರಕ್ಕೆ ಇಳಿದಾಗ ಅದು ಮುದುಕರಂತೆ ಒಮ್ಮೆ ಕೆಮ್ಮುತ್ತಿತ್ತು. "ಅಪ್ಪ ಕೂಗ್ತಿದಾರೆ ನೋಡಿ" ಎಂದು ಹೆಂಡತಿ ಅಡಿಗೆಮನೆಯಿಂದ ನಗುತ್ತಿದ್ದರು.

ಉಳಿದೆರಡು ಹೊಸವು, ಸಾಹೇಬರ ಎದೆಯೆತ್ತರದವು, ಕನ್ನಡಿಯಂತೆ ಹೊಳೆಯುವ ಕಪ್ಪು ಬಣ್ಣದವು, ಬೆಲೆಯಲ್ಲಿ ಅವರ ಎಂಟು ತಿಂಗಳ ಸಂಬಳದವು. ಅಂಗಡಿಯವರು ಒಂದು ದಿನದ ಪರೀಕ್ಷೆಗೆ ಕೊಟ್ಟಿದ್ದರು. ಆರು ಗಂಟೆಗೆ ಅವರ ವ್ಯಾನು ಬರುತ್ತದೆ. ಬೇಡವೆಂದರೆ ಹೊಸದನ್ನು ಒಯ್ಯುತ್ತದೆ. ಬೇಕೆಂದರೆ ಹಳೆಯದನ್ನು ಬದಲಿಗೆ ಒಯ್ಯುತ್ತದೆ.

"ಇರೋದ್ರಲ್ಲಿ ಏನು ಕಡಿಮೆಯಾಗಿದೆ ರೀ?" ಎಂದು ಹೆಂಡತಿ ಕೇಳಿದರು.

"ಅದನ್ನ ನಾನೂ ಹೇಳಬಾರದು, ನೀನೂ ಹೇಳಬಾರದು. ಪರೀಕ್ಷೆ ಹೇಳಬೇಕು" ಎಂದರು ಸಾಹೇಬರು.

ಪರೀಕ್ಷೆಯ ಕ್ರಮ ನಿಷ್ಪಕ್ಷಪಾತವಾಗಿತ್ತು. ಕೋಣೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಎರಡು ಕಪ್ಪು ಬೆಡ್‌ಶೀಟುಗಳನ್ನು ಇಳಿಬಿಡಲಾಯಿತು. ಬಾಮೈದ ಪರದೆಯ ಹಿಂದೆ ಕೂತು, ತಂತಿಗಳನ್ನು ಬದಲಿಸಿ, "ಒಂದು", "ಎರಡು" ಎಂದು ಕೂಗಬೇಕು. ಯಾವುದು ಒಂದು, ಯಾವುದು ಎರಡು ಎಂಬುದನ್ನು ಹೆಂಡತಿ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿಡಬೇಕು. ಹತ್ತು ಸುತ್ತು. ಪ್ರತಿ ಸುತ್ತಿನಲ್ಲೂ ಅದೇ ಹಾಡು ಎರಡು ಸಲ. ಸಾಹೇಬರು ರೂಲು ಎಳೆದ ಹಾಳೆಯಲ್ಲಿ ಉತ್ತಮವಾದುದಕ್ಕೆ ಗುರುತು ಹಾಕಬೇಕು.

ಮೊದಲ ಸುತ್ತು ಶುರುವಾಗುವಷ್ಟರಲ್ಲಿ ಪಕ್ಕದ ಮನೆಯ ಹಲ್ಲಿನ ಡಾಕ್ಟರು ಮೂಗು ತೂರಿಸಿದರು. "ಏನ್ ಸಾಹೇಬ್ರೇ, ಮನೇಲಿ ನಾಟಕವಾ? ಪರದೆ ಎಲ್ಲಾ ಕಟ್ಟಿದೀರಿ!" ವಿಷಯ ತಿಳಿದ ಮೇಲೆ ಕುರ್ಚಿ ಎಳೆದುಕೊಂಡು, "ನಾನೂ ಮಾರ್ಕ್ಸ್ ಕೊಡ್ತೀನಿ. ದಿನವಿಡೀ ಡ್ರಿಲ್ ಕೇಳಿ ಪಳಗಿದ ಕಿವಿ ನಂದು" ಎಂದರು. ಅವರ ಬೆನ್ನಿಗೆ ಮಹಡಿಯ ಮೇಲಿನ ಮನೆಯ ವಕೀಲರು ಇಳಿದು ಬಂದರು. ವಕೀಲರ ಹಿಂದೆ ಅವರ ಅತ್ತೆ, ಅತ್ತೆಯ ಹಿಂದೆ ಎದುರುಮನೆಯ ಹೊಲಿಗೆ ಟೀಚರು. ಕೋಣೆ ಬಸ್ ನಿಲ್ದಾಣದಂತಾಯಿತು.

"ಒಂದು!" ಎಂದು ಬಾಮೈದ ಕೂಗಿದ. ಹಾಡು ಬಂತು. ಕೆಳಗಿನ ಸ್ವರಕ್ಕೆ ಇಳಿಯಿತು. ಕೆಮ್ಮು ಕೇಳಿಸಿತು.

"ಅಯ್ಯೋ, ಇದಕ್ಕೆ ಕಫ ಕಟ್ಟಿದೆ" ಎಂದರು ವಕೀಲರ ಅತ್ತೆ.

ಪರದೆಯ ಹಿಂದೆ ಏನನ್ನೋ ಎಳೆದಾಡಿದ ಸದ್ದು, ಬಾಮೈದನ ಏದುಸಿರು, ಮುಲುಕಾಟ. "ಎರಡು!" ಅದೇ ಹಾಡು. ಅದೇ ಕೆಳಗಿನ ಸ್ವರ.

"ಆಹಾ!" ಎಂದರು ಡಾಕ್ಟರು. "ಹಾಡೋರು ಉಸಿರು ತಗೊಂಡಿದ್ದೂ ಕೇಳಿಸ್ತಲ್ರೀ!"

"ಪಕ್ಕದಲ್ಲೇ ಕೂತು ಗಂಟಲು ಸರಿಮಾಡ್ಕೊಂಡ ಹಾಗಿತ್ತು. ಇನ್ನು ಸಾಕ್ಷಿ ಬೇಕಾಗಿಲ್ಲ" ಎಂದರು ವಕೀಲರು.

ಸಾಹೇಬರು ಕಣ್ಣು ಮುಚ್ಚಿ ಕೂತಿದ್ದರು. 'ಎರಡು' ಎಂದಾಗ ಅವರಿಗೆ ಆಳ ಕೇಳಿಸಿತು, ಅಗಲ ಕೇಳಿಸಿತು, ಐದನೆಯ ಸುತ್ತಿನಲ್ಲಿ ತಂಬೂರಿಯ ಮರದ ಜಾತಿ ಕೂಡ ಕೇಳಿಸಿತು. 'ಒಂದು' ಎಂದಾಗ ಡಬ್ಬದೊಳಗೆ ಕೂತು ಹಾಡಿದಂತಿತ್ತು. ಏಳನೆಯ ಸುತ್ತಿನಲ್ಲಿ ಮಾತ್ರ ಹೊಲಿಗೆ ಟೀಚರು ಸೀನಿದ್ದರಿಂದ ಗೊಂದಲವಾಗಿ ಒಂದಕ್ಕೆ ಗುರುತು ಬಿತ್ತು. ಸುತ್ತು ಕಳೆದಂತೆಲ್ಲ ಹೆಂಡತಿಯ ಮುಖ ಬಾಡುತ್ತಿದ್ದುದನ್ನು ಅವರು ಗುರುತು ಹಾಕಲು ಕಣ್ಣು ತೆರೆದಾಗ ಗಮನಿಸಿದರು. ಆ ನಾದಕ್ಕೆ ಕರಗಿಹೋಗಿದ್ದಾಳೆ ಎಂದುಕೊಂಡರು.

ಐದೂ ಮುಕ್ಕಾಲಿಗೆ ಲೆಕ್ಕ ಮುಗಿಯಿತು. ಎರಡಕ್ಕೆ ಒಂಬತ್ತು, ಒಂದಕ್ಕೆ ಒಂದು. ಡಾಕ್ಟರದು ಹತ್ತಕ್ಕೆ ಹತ್ತೂ ಎರಡಕ್ಕೇ.

"ಲಕೋಟೆ ಒಡೀರಿ!" ಎಂದು ವಕೀಲರು ಆಜ್ಞಾಪಿಸಿದರು.

ಹೆಂಡತಿ ಲಕೋಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡರು. "ರೀ, ಒಂದು ನಿಮಿಷ ಒಳಗೆ ಬರ್ತೀರಾ? ಒಂದು ಮಾತಿತ್ತು."

"ಏನಿದ್ದರೂ ಎಲ್ಲರ ಮುಂದೆ ಹೇಳು. ಪರೀಕ್ಷೆಯಲ್ಲಿ ಗುಟ್ಟು ಇರಬಾರದು."

ಹೆಂಡತಿ ಎಲ್ಲರ ಮುಖವನ್ನೂ ಒಂದು ಸಲ ನೋಡಿದರು. ಕೊನೆಗೆ ಗಂಡನ ಮುಖ ನೋಡಿದರು. ಬಹುಮಾನಕ್ಕೆ ಕಾದು ನಿಂತ ಹುಡುಗನ ಮುಖದಂತಿತ್ತು ಅದು. "ಏನಿಲ್ಲ" ಎಂದು ಲಕೋಟೆ ಕೊಟ್ಟುಬಿಟ್ಟರು.

ಚೀಟಿಯಲ್ಲಿ ಬರೆದಿತ್ತು: ಒಂದು, ಅಪ್ಪನದು. ಎರಡು, ಹೊಸದು.

ಚಪ್ಪಾಳೆ ಬಿತ್ತು. "ತಕ್ಕಡಿ ಸಾಹೇಬ್ರ ಕಿವೀನೂ ತಕ್ಕಡೀನೇ ಬಿಡಿ" ಎಂದರು ವಕೀಲರು. ಆರು ಹೊಡೆಯುವಾಗಲೇ ವ್ಯಾನು ಬಂತು. ಸಾಹೇಬರು ಸಹಿ ಹಾಕಿದರು. ಬಾಮೈದ ಹಳೆಯ ಜೋಡಿಯ ತಂತಿ ಬಿಚ್ಚಿಕೊಟ್ಟ. ಹೆಂಡತಿ ಎಡಗಡೆಯ ಪೆಟ್ಟಿಗೆಯ ತಲೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿ ಬಾಗಿಲವರೆಗೆ ಕಳಿಸಿಕೊಟ್ಟರು.

ನೆರೆಯವರು ಚದುರುವಷ್ಟರಲ್ಲಿ ಏಳು ದಾಟಿತ್ತು. ಸಾಹೇಬರು ಪರದೆ ಇಳಿಸಿ, ಹೊಸ ಜೋಡಿಯನ್ನು ಒಮ್ಮೆ ಕಣ್ತುಂಬ ನೋಡಿ, ಹಾಡು ಹಚ್ಚಿದರು. ಸದ್ದಿಲ್ಲ. ಗುಂಡಿ ತಿರುಗಿಸಿದರು. ಸದ್ದಿಲ್ಲ. ಹಿಂಬದಿಗೆ ಬಗ್ಗಿ ನೋಡಿದರು.

ತಂತಿ ಸಿಕ್ಕಿಸುವ ಜಾಗದ ಮೇಲೆ ಕಾರ್ಖಾನೆಯವರು ಅಂಟಿಸಿದ ಕೆಂಪು ಮುದ್ರೆಯ ಪಟ್ಟಿ ಎರಡರಲ್ಲೂ ಹಾಗೇ ಇತ್ತು. ಒಂದು ಎಳೆಯೂ ಹರಿದಿರಲಿಲ್ಲ.

ಇಪ್ಪತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಮುದ್ರೆ ನೋಡದೆ ತೂಗಿದ್ದರು.

"ಏನಯ್ಯಾ ಇದು?"

ಬಾಮೈದ ಗೋಡೆಗೆ ಒರಗಿದ. "ಅಕ್ಕನ್ನ ಕೇಳಿ ಭಾವ. ಇಪ್ಪತ್ತು ಸಲಾನೂ ಅಪ್ಪನದೇ ಹಾಕು, ಬದಲಾಯಿಸ್ದ ಹಾಗೆ ಸದ್ದು ಮಾಡು ಅಂದ್ಲು. ಹೊಸದಕ್ಕೆ ಬೆಲೆ ಜಾಸ್ತಿ ಅಲ್ವಾ, ಅದಕ್ಕೇ 'ಎರಡು' ಅನ್ನೋ ಮುಂಚೆ ಸ್ವಲ್ಪ ಜಾಸ್ತಿ ಮುಲುಕಿದೆ."

ಹೆಂಡತಿ ಬಾಗಿಲಲ್ಲಿ ನಿಂತಿದ್ದರು. "ಎರಡೂ ಒಂದೇ ಥರ ಇದೆ ಅಂತೀರಿ, ಹೊಸದನ್ನ ವಾಪಸ್ ಕಳಿಸ್ತೀರಿ ಅಂದ್ಕೊಂಡೆ. ನಿಮ್ಮ ಕಿವಿ ಮೇಲೆ ಅಷ್ಟು ನಂಬಿಕೆ ಇತ್ತು."

"ಲಕೋಟೆ ಒಡೆಯೋ ಮುಂಚೆ ಯಾಕೆ ಹೇಳಲಿಲ್ಲ?"

"ಅಷ್ಟು ಜನರ ಮುಂದೆ ನಿಮಗೆ ಕಿವಿ ಇಲ್ಲ ಅನ್ಲಾ?"

ಸಾಹೇಬರು ಓಡಿಹೋಗಿ ಅಂಗಡಿಗೆ ಫೋನು ಮಾಡಿದರು. ಅತ್ತಲಿಂದ ನಗು ಕೇಳಿಸಿತು. "ಆ ಹಲಗೆ ಪೆಟ್ಟಿಗೆನಾ ಸಾರ್? ದಾರೀಲೇ ಗುಜರಿಗೆ ಇಳಿಸಿದ್ವಿ. ನಮ್ಮ ಹುಡುಗ್ರು ನಿಂತಿದ್ದ ಹಾಗೇ ಒಡೆದು ಅಯಸ್ಕಾಂತ ತೆಗೆದೂ ಆಯ್ತು."

ಅವರು ಫೋನು ಇಟ್ಟು ಬಂದು ಹಾಳೆಯನ್ನು ಮುಂದೆ ಹರಡಿಕೊಂಡರು. ಗುರುತುಗಳ ಮೇಲೆ ಒಂದೊಂದಾಗಿ ಬೆರಳಿಡುತ್ತ ಬಂದು ಏಳನೆಯದರಲ್ಲಿ ನಿಲ್ಲಿಸಿ ಕೇಳಿದರು: "ಏಳನೇ ಸುತ್ತಿನಲ್ಲಿ 'ಒಂದು' ಚೆನ್ನಾಗಿದೆ ಅಂತ ಗುರುತು ಹಾಕಿದೆನಲ್ಲ. ಆಗ ನನಗೆ ಸರಿಯಾಗಿ ಕೇಳಿಸಿತ್ತು, ಅಲ್ಲವಾ?"

"ಆಗ್ಲೂ ಎರಡು ಸಲಾನೂ ಅಪ್ಪನದೇ ಇತ್ತು ರೀ" ಎಂದರು ಹೆಂಡತಿ, ಮೆಲ್ಲಗೆ.

ಸಾಹೇಬರು ಎದ್ದು ಮುದ್ರೆ ಹರಿದು ತಂತಿ ಸಿಕ್ಕಿಸಿದರು. ಹಾಡು ತುಂಬಿಕೊಂಡು ಬಂತು, ನಿರ್ಮಲವಾಗಿ, ಕೊರತೆಯಿಲ್ಲದೆ. ಕೆಳಗಿನ ಸ್ವರ ಬಂದಾಗ ಮೂವರೂ ಉಸಿರು ಬಿಗಿಹಿಡಿದು ಕಾದರು. ಸ್ವರ ಇಳಿಯಿತು, ನಿಂತಿತು, ಮೇಲೆದ್ದು ಹೋಯಿತು. ಯಾರೂ ಕೆಮ್ಮಲಿಲ್ಲ.

ಹೆಂಡತಿ ಎದ್ದು ಅಡಿಗೆಮನೆಗೆ ಹೋದರು. ಸಾಹೇಬರು ಹಾಳೆಯಲ್ಲಿ ಹತ್ತು ಸಾಲುಗಳ ಕೆಳಗೆ ರೂಲುಕಡ್ಡಿಯಿಟ್ಟು ಹನ್ನೊಂದನೆಯ ಸಾಲು ಎಳೆದರು. ಅದರಲ್ಲಿ ಮಾವನ ಹೆಸರು ಬರೆದರು, ಮುಂದೆ 'ಬಾಕಿ' ಎಂದು ಬರೆದರು. ಎಷ್ಟು ಎಂಬ ಕಡೆ ಪೆನ್ಸಿಲು ಇಟ್ಟವರು ಹಾಡು ಮುಗಿಯುವವರೆಗೂ ಹಾಗೇ ಕೂತಿದ್ದು, ಆಮೇಲೆ ಆ ಜಾಗವನ್ನು ಖಾಲಿ ಬಿಟ್ಟು ಹಾಳೆ ಮಡಿಸಿದರು.