ನೀರಿಲ್ಲದ ಊರಿಗೆ ನಮ್ಮ ಓಣಿ ಹೊಂಟಿದ್ದು

ನಮ್ಮ ಓಣಿ ಮಂದಿ ಕೂಡಿ ಒಂದು ಕೆಲಸಕ್ಕ ಕೈ ಹಚ್ಚಿದ್ರು ಅಂದ್ರ, ಕೆಲಸ ಆಗೂದು ಬಿಡೂದು ದೇವರ ಕೈಯಾಗ, ನಗಿ ಮಾತ್ರ ಗ್ಯಾರಂಟಿ. ಇದು ಇವತ್ತಿನ ಮಾತಲ್ಲ. ಓಣಿ ಇದ್ದಾಗಲೂ ಹಿಂಗ, ಓಣಿ ಹೋದ ಮ್ಯಾಲೂ ಹಿಂಗ.

ಓಣಿ ಹೋತು ಅಂದ್ರ ಖರೇನ ಹೋತ್ರಿ. ಹಳೇ ಬಾಗಲಕೋಟಿಯೊಳಗಿತ್ತು ನಮ್ಮ ಓಣಿ. ಆಲಮಟ್ಟಿ ಡ್ಯಾಮಿನ ಹಿನ್ನೀರು ಬಂತು, ಓಣಿ ನೀರಾಗ ಹೋತು, ನಾವು ದಿಕ್ಕಿಗೊಬ್ರಾದ್ವಿ. ನಾನು ನವನಗರದಾಗ ಮನಿ ಮಾಡ್ಕೊಂಡು ಹುನಗುಂದದ ಸಾಲಿಗೆ ಪಿ.ಟಿ. ಮಾಸ್ತರಾಗಿ ದಿನಾ ಬಸ್ಸಿನ್ಯಾಗ ಓಡಾಡ್ತೇನಿ. ಎದುರಮನಿ ಕಾಕಾ ಇಳಕಲ್ಲಿಗೆ ಹೋಗಿ ಸೀರಿ ಅಂಗಡಿ ಇಟ್ರು. ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿಯ ನನ್ನ ಗೆಳೆಯಾ ಬಾದಾಮಿ ಸೇರಿ ಗುಹಾ ತೋರಿಸೋ ಗೈಡ್ ಆದ. ಓಣಿ ಮೂಲಿಮನಿ ದೊಡ್ಡವ್ವ, ಮಗ-ಸೊಸಿ ಜೋಡಿ ನವನಗರಕ್ಕ ಬಂದ್ಲು. ಆಕಿ ನಮ್ಮಲ್ಲಿ ಯಾರಿಗೂ ರಕ್ತಸಂಬಂಧ ಅಲ್ಲ. ಆದ್ರ ಸಣ್ಣಾವ್ರಿದ್ದಾಗ ನಮ್ಮೆಲ್ಲಾರ ಕಿವಿ ಹಿಂಡಿದ ಕೈ ಆಕೀದು, ಉಣ್ಣಾಕ ಹಾಕಿದ ಕೈನೂ ಆಕೀದ. ಅದಕ್ಕ ದೊಡ್ಡವ್ವ.

ವರ್ಷಕ್ಕೊಮ್ಮೆ ಸಂಕ್ರಮಣದ ದಿನ ಎಲ್ಲಾರೂ ಕೂಡಲಸಂಗಮದಾಗ ಕೂಡ್ತೀವಿ. ಹೊಳ್ಯಾಗ ಜಳಕಾ ಮಾಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನಿಕಾಯಿ ಪಲ್ಯಾ, ಮಾದಲಿ ಬಿಚ್ಚಿ ಉಂಡು, ಹಳೇ ಓಣಿ ಮಾತು ತಗದು, ನಕ್ಕು, ಕಣ್ಣು ಒರಿಸ್ಕೊಂಡು ಬಸ್ ಹತ್ತತೀವಿ. ಇಂಥಾ ಒಂದು ಊಟದಾಗನ ಈ ಪ್ರವಾಸದ ಹುಚ್ಚು ಹುಟ್ಟಿದ್ದು.

ಊರು ಗೊತ್ತು ಮಾಡಿದ್ದು

"ಎಲ್ಲಾರೂ ಕೂಡಿ ಒಮ್ಮೆ ಗೋವಾಕ್ಕ ಹೋಗೂಣು" ಅಂದ ಗೈಡ್.

"ಅಲ್ಲೇನೈತಿ?" ಅಂದ್ಲು ದೊಡ್ಡವ್ವ.

"ಸಮುದ್ರ."

"ನೀರು. ಬ್ಯಾಡ."

ಕಾಕಾ ಕಾಶಿ ಅಂದ್ರು. "ಗಂಗಿ. ಅದೂ ನೀರ" ಅಂದ್ಲು. ನಾನು ಬಾಯಿ ತಪ್ಪಿ ಜೋಗ ಅಂದೆ. ದೊಡ್ಡವ್ವ ನನ್ನ ಮಾರಿ ದಿಟ್ಟಿಸಿ ನೋಡಿದ್ಲು. "ಮಾಸ್ತರ, ತಲಿ ನೆಟ್ಟಗೈತೇನು ನಿಂದು? ನೀರು ನೋಡಾಕ ಅಷ್ಟು ದೂರ ಯಾಕ ಹೋಗಬೇಕೋ? ಅದ ನಮ್ಮನ್ನ ನೋಡಾಕ ಅಡಗಿಮನಿತನಕ ಬಂದಿತ್ತಲ್ಲ! ನೀರಿಲ್ಲದ ಊರು ಯಾವದರ ಇದ್ರ ಹೇಳ್ರಿ."

ಗೈಡ್ ಕೆಮ್ಮಿ ಗಂಟಲು ಸರಿ ಮಾಡ್ಕೊಂಡ. ಆಂವ ಕೆಮ್ಮಿದಾ ಅಂದ್ರ ಇತಿಹಾಸ ಹೊರಗ ಬರ್ತೈತಿ ಅಂತನ ಅರ್ಥ. "ದೊಡ್ಡವ್ವ, ರಾಜಸ್ಥಾನದಾಗ ಜೈಸಲ್ಮೇರ್ ಅಂತ ಐತಿ. ಸುತ್ತಕಡೆ ಉಸುಕು, ನಡುವ ಹಳದಿ ಕಲ್ಲಿನ ಕ್ವಾಟಿ. ರಾಜರ ಕಾಲದ ಊರು. ಮಂದಿ ಇನ್ನಾ ಆ ಕ್ವಾಟಿ ಒಳಗ ಸಂಸಾರ ಮಾಡ್ಕೊಂಡದಾರ."

"ಇನ್ನಾ ಅಲ್ಲೇ ಅದಾರ? ಯಾರೂ ಎಬ್ಬಿಸಿಲ್ಲ?"

"ಇಲ್ಲ."

"ಹೊಳಿ?"

"ಇಲ್ಲ."

"ಡ್ಯಾಮು?"

"ಮಳೀನ ಇಲ್ಲ ದೊಡ್ಡವ್ವ, ಡ್ಯಾಮ್ ಎಲ್ಲಿಂದ ತರ್ತಾರ?"

ದೊಡ್ಡವ್ವ ಕೈಯಾಗಿನ ರೊಟ್ಟಿ ಕೆಳಗಿಟ್ಲು. "ಅದ ನೋಡು ಶಾಣ್ಯಾರ ಊರು! ಎಂದೂ ಮುಳುಗದ ಓಣಿ ಹೆಂಗಿರ್ತೈತಿ ಅಂತ ಸಾಯೂದ್ರಾಗ ಒಮ್ಮೆ ನೋಡಬೇಕು. ಟಿಕೀಟ ತಗಸ್ರಿ" ಅಂದ್ಲು.

ಎಲ್ಲಾರೂ ಹೌದ್ಹೌದು ಅಂದ್ರು. ಕರಕೊಂಡು ಹೋಗೂ ಜವಾಬ್ದಾರಿ ನನ್ನ ಕೊಳ್ಳಿಗೆ ಬಿತ್ತು. ಯಾಕಂತ ಕೇಳಿದ್ರ, ನನ್ನ ಹಂತೇಕ ಸೀಟಿ ಐತಂತ.

ಗ್ವಾಡಿ ಇಲ್ಲದ ಬಾಗಲಾ

ಪ್ಲಾನಿನ ಮೀಟಿಂಗ್ ಎಲ್ಲಾ ದೊಡ್ಡವ್ವನ ಅಂಗಳದಾಗ. ಆ ಮನಿಗೆ ಹೊಸದಾಗಿ ಬಂದವರು ರಸ್ತೇದಾಗನ ಗಾಬರಿಯಾಗಿ ನಿಲ್ತಾರ. ಖುಲ್ಲಾ ಜಾಗಾದಾಗ ಒಂದು ಎತ್ತರದ ತಲಬಾಗಲಾ ಒಂದ ನಿಂತೈತಿ. ಆಜೂ ಗ್ವಾಡಿ ಇಲ್ಲ, ಬಾಜೂ ಗ್ವಾಡಿ ಇಲ್ಲ.

ಅದರ ಕಥಿ ಹೇಳ್ತೇನಿ. ಓಣಿ ಬಿಡೂ ಮುಂದ ಎಲ್ಲಾರೂ ಮನಿ ಬಿಚ್ಚಿ ತೊಲಿ, ಕಂಬ, ಕಿಡಕಿ ಕಿತ್ಕೊಂಡು ಹೊಂಟಿದ್ವಿ. ದೊಡ್ಡವ್ವ ಬ್ಯಾರೆ ಏನೂ ಮುಟ್ಟಲಿಲ್ಲ. ತಲಬಾಗಲದ ಸಾಗವಾನಿ ಚೌಕಟ್ಟನ್ನ ಹೊಸ್ತಲಾ, ಬಾಗಲಾ ಸಮೇತ ಎಬ್ಬಿಸಿ ಟ್ರ್ಯಾಕ್ಟರ್ ಮ್ಯಾಲ ಹೇರಿಸಿ, ತಾನೂ ಅದರ ಬಾಜೂಕ ಕುಂತು ನವನಗರಕ್ಕ ಬಂದ್ಲು. "ಮನಿ ನೀರಿಗೆ ಕೊಟ್ಟೇನಿ, ಹೊಸ್ತಲಾ ಕೊಡಂಗಿಲ್ಲ" ಅಂದ್ಲು. ಅವತ್ತು ಆ ಮಾತಿಗೆ ಓಣಿ ಗಂಡಸ್ರೆಲ್ಲಾ ಅತ್ತಿದ್ವಿ.

ಹೊಸ ಮನಿ ಕಟ್ಟೂ ಗೌಂಡಿ ಅಳತಿ ಹಿಡದು ನೋಡಿ, "ಅವ್ವಾರ, ಚೌಕಟ್ಟು ಭಾಳ ಎತ್ತರ ಆಗ್ತೈತ್ರಿ. ಒಂದೀಟು ಕೊಯ್ಯೂಣೇನ್ರಿ?" ಅಂದ.

"ಮನಿ ಎತ್ತರಾ ಮಾಡು" ಅಂದ್ಲು ದೊಡ್ಡವ್ವ.

ಮಗ ಕೈ ಮುಗಿದ. ಕಡೀಕ ರಾಜಿ ಆಗಿ, ಚೌಕಟ್ಟನ್ನ ಅಂಗಳದ ಮುಂದ ನಿಂದ್ರಸೂದು, ಕಂಪೌಂಡ್ ಗ್ವಾಡಿ ಆಮ್ಯಾಲೆ ಕಟ್ಟೂದು ಅಂತ ಆತು. ಆ "ಆಮ್ಯಾಲೆ" ಇನ್ನಾ ಬಂದಿಲ್ಲ. ಆದ್ರ ದೊಡ್ಡವ್ವ ದಿನಾ ಹೊಸ್ತಲಾ ತೊಳದು ಅರಿಷಿಣ-ಕುಂಕುಮ ಹಚ್ಚತಾಳ. ಬಾಜೂಕಿಂದ ನುಸುಳಿ ಬಂದವರಿಗೆ ಚಾ ಇಲ್ಲ. ಹಿಂದಕ್ಕ ಹೋಗಿ ಬಾಗಲದಾಗ ತಲಿ ಬಗ್ಗಿಸಿ ಬರಬೇಕು. ಸಂಜಿ ಆತು ಅಂದ್ರ ಬಾಗಲಾ ಮುಚ್ಚಿ ಚಿಲಕಾ ಹಾಕ್ತಾಳ.

"ದೊಡ್ಡವ್ವ, ಕಳ್ಳ ಬಾಜೂಕಿಂದ ಬರ್ತಾನಲ್ಲ?" ಅಂತ ಒಮ್ಮೆ ಕೇಳಿದೆ.

"ಬಾಗಲಾ ಇರೂದು ಮರ್ಯಾದಿ ಇದ್ದವರಿಗೋ ಮಾಸ್ತರ. ಕಳ್ಳಗ ಗ್ವಾಡಿ ಇದ್ರೇನು ಬಿಟ್ರೇನು?"

ನಾವು ನಕ್ವಿ. ಆದ್ರ ಈಗ ಬಾಜೂಮನಿ ಎಮ್ಮಿ ಸುದ್ದಾ ಸುತ್ತು ಹಾಕಿ ಬಾಗಲದಿಂದನ ಬರ್ತೈತಿ.

ಬುತ್ತಿ

ಮೊದಲನೇ ಸಲ ಟಿಕೀಟ ತಗಸಿದಾಗ ದೊಡ್ಡವ್ವಗ ಒಂದ ಚಿಂತಿ. "ಉಸುಕಿನ್ಯಾಗ ಏನ ಬೆಳಿತೈತಿ? ಪಾಪ, ಆ ಮಂದಿ ಏನ ತಿಂತಾರ?"

ಅಲ್ಲಿ ಹೋಟೆಲ್ ಅದಾವ ಅಂತ ಎಷ್ಟು ಹೇಳಿದ್ರೂ ಕೇಳವಲ್ಲಳು. ಬಾಜೂ ಹೆಣಮಕ್ಕಳನ್ನೆಲ್ಲಾ ಕರದು ಖಡಕ್ ರೊಟ್ಟಿ ಬಡಿಯಾಕ ಕುಂತ್ಲು. ನಮಗಷ್ಟ ಅಲ್ಲ, ಆ ಕ್ವಾಟಿ ಮಂದಿಗೂ ಸೇರಿಸಿ! ರೊಟ್ಟಿ ಗಂಟು ಮನಿ ಮಾಳಿಗಿ ಮುಟ್ಟಿದ್ವು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಡಬ್ಬಿ ಬ್ಯಾರೆ.

ಹೊಂಡೂ ದಿನ ಮುಂಜಾನಿ ಕಾಕಾ ಇಳಕಲ್ಲದಿಂದ ಫೋನ್ ಮಾಡಿದ್ರು. ಯಾರದೋ ಮದಿವಿ ಜವಳಿಗೆ ಬೀಗರು ಬಂದು ಅಂಗಡ್ಯಾಗ ಕುಂತಾರಂತ. "ಒಂದ ಸೀರಿ ನೋಡಿ ಎದ್ದು ಬಿಡ್ತಾರ, ಈಗ ಬಂದೆ" ಅಂದ್ರು. ಮಧ್ಯಾಹ್ನ ನಾನ ಫೋನ್ ಮಾಡಿದೆ. "ಕೆಂಪು ದಡಿಯೋ ಹಸರೋ ಅಂತ ಮದುಮಗಳ ಸೋದರತ್ತಿ ವಿಚಾರ ಮಾಡಾಕತ್ತಾಳ, ಈಗ ಬಂದೆ." ಟ್ರೇನ್ ಹೋತು. ಸೋದರತ್ತಿ ಕಡೀಕ, "ಮನ್ಯಾಗ ಕೇಳಿ ಬರ್ತೇವ್ರಿ" ಅಂತ ಎದ್ದು ಹೋದ್ಲಂತ.

ರೊಟ್ಟಿ ಏನ ಮಾಡೂದು? ದೊಡ್ಡವ್ವ ಅರ್ಧ ನನ್ನ ತಲಿಗೆ ಕಟ್ಟಿದ್ಲು. ನಾನು ಸಾಲಿಗೆ ಒಯ್ದು ಓಟದಾಗ ಗೆದ್ದ ಮಕ್ಕಳಿಗೆ ಬಹುಮಾನ ಅಂತ ಕೊಟ್ಟೆ. ಮೊದಲನೇ ವಾರ ಜಿದ್ದಿಗೆ ಬಿದ್ದು ಓಡಿದ್ರು. ಮುಂದಿನ ವಾರದಿಂದ ಗೆರಿ ಹಂತೇಕ ಬಂದು, "ನೀ ಮುಂದ ಹೋಗಪಾ", "ಇಲ್ಲ, ನೀನ ಹೋಗಪಾ" ಅಂತ ನಿಂತು ಬಿಡ್ತಿದ್ರು.

ಬಾದಾಮ್ಯಾಗ ತಾಲೀಮು

ಮರು ವರ್ಷ ಗೈಡ್ ಒಂದು ಉಪಾಯ ತಗದ. "ಬಿಸಲಾಗ ಕ್ವಾಟಿ ಹತ್ತೂದು ಸುಮ್ಮನಲ್ಲ. ಮೊದಲ ಬಾದಾಮಿ ಗುಡ್ಡದಾಗ ತಾಲೀಮು ಮಾಡೂಣು" ಅಂದ. ನಾನು ಸೀಟಿ ಊದಿ ಎಲ್ಲಾರನ್ನೂ ಸಾಲಾಗಿ ನಿಂದ್ರಿಸಿದೆ. ದೊಡ್ಡವ್ವ ಸೆರಗು ಸೊಂಟಕ್ಕ ಸಿಗಿಸಿ ಸರಸರ ಹತ್ತಿದ್ಲು. ಅರ್ಧಕ್ಕ ಕಾಲು ಹಿಡಕೊಂಡು ಕುಂತಾಂವ ಪಿ.ಟಿ. ಮಾಸ್ತರ. ಇದನ್ನ ಸಾಲ್ಯಾಗ ಯಾರಿಗೂ ಹೇಳಬ್ಯಾಡ್ರಿ.

ಗೈಡ್ ರೂಢಿ ಬಲದಿಂದ, "ಆಯಿಯೇ, ಇಧರ್ ದೇಖಿಯೇ" ಅಂತ ಶುರು ಮಾಡಿದ. "ಲೇ, ನಿನಗ ಚಡ್ಡಿ ಹಾಕಾಕ ಕಲಿಸಿದಾಕಿ ನಾನು, ಕನ್ನಡದಾಗ ಒದರು" ಅಂದ್ಲು ದೊಡ್ಡವ್ವ.

ಅಷ್ಟರಾಗ ಒಂದು ಮಂಗ್ಯಾ ಬಂದು ಬುತ್ತಿ ಗಂಟು ಕಸಗೊಂಡು ಬಂಡೆಗಲ್ಲಿನ ಮ್ಯಾಲ ಹತ್ತಿ ಕುಂತಿತು. ಗಂಟು ಬಿಚ್ಚಿತು. ಅದರಾಗಿದ್ದದ್ದು ದೊಡ್ಡವ್ವ ಹಸಿ ಕೆಂಪು ಮೆಣಸಿನಕಾಯಿ ಕುಟ್ಟಿ ಮಾಡಿದ ರಂಜಕ. ಕೈ ತುಂಬಾ ಬಳಕೊಂಡು ಬಾಯಾಗ ಇಟ್ಕೊಂತು. ನಮ್ಮನ್ನ ನೋಡಿತು. ಗಂಟು ನೋಡಿತು. ಕೆಳಗ ಇಳದು ಬಂದು ಗಂಟು ನಮ್ಮ ಮುಂದ ಒಗದು, ಕೆರಿ ಕಡೆ ಓಟ ಕಿತ್ತಿತು.

ಗೈಡ್ ತಲಿ ಮ್ಯಾಲ ಕೈ ಇಟ್ಕೊಂಡ. "ಇಷ್ಟು ವರ್ಷದ ಕಸಬಿನ್ಯಾಗ ಬಾದಾಮಿ ಮಂಗ್ಯಾ ಮಾಲು ವಾಪಸ್ ಕೊಟ್ಟಿದ್ದು ಇದ ಮೊದಲು!"

ಕಾಕಾ ಆಡಿದ ಮಾತು

ಹಿಂಗ ವರ್ಷಾ ಪ್ಲಾನು, ವರ್ಷಾ ಒಂದು ವಿಘ್ನ. ಒಮ್ಮೆ ಪರೀಕ್ಷಾ, ಒಮ್ಮೆ ಬಾಣಂತನ, ಒಮ್ಮೆ ಸುಮ್ಮನ ಬ್ಯಾಸರಾ. ದೊಡ್ಡವ್ವ ಮಾತ್ರ ಪ್ರತೀ ಸಲ ಕೇಳಾಕಿ, "ಯಾವಾಗ ಹೊಂಡೂದು?"

ಹ್ವಾದ ಸಂಕ್ರಮಣಕ್ಕ ಆಕಿ ಸಂಗಮಕ್ಕ ಬರಲಿಲ್ಲ. ಬಚ್ಚಲದಾಗ ಜಾರಿ ಬಿದ್ದು ಹಾಸಿಗಿ ಹಿಡದಿದ್ಲು. ಬುತ್ತಿ ಬಿಚ್ಚಾಕ ಯಾರ ಕೈನೂ ಏಳವಲ್ದು. ಹೊಳಿ ನೋಡ್ಕೋಂತ ಕುಂತಿದ್ದ ಕಾಕಾ ತಟಕ್ಕನ ಅಂದ್ರು, "ಖರೆ ಹೇಳ್ಲೇನು? ನನಗ ಆ ಊರಿಗೆ ಹೋಗಾಕ ಅಂಜಿಕಿ. ಹೋಗಿ ಬಂದ್ರ ಮುಗೀತಲ್ಲೋ. ಆಮ್ಯಾಲೆ ಯಾವ ನೆವಕ್ಕ ಕೂಡೂದು ನಾವು?"

ನನ್ನ ಮನಸಿನ್ಯಾಗೂ ಅದ ಇತ್ತು. ಊರು ಹ್ವಾದ ಮ್ಯಾಲೆ ನಮಗ ಉಳದಿದ್ದ ಓಣಿ ಅಂದ್ರ ಈ ಪ್ಲಾನ್ ಒಂದ.

ಅಲ್ಲಿಂದ ಸೀದಾ ದೊಡ್ಡವ್ವನ ಮನಿಗೆ ಹ್ವಾದ್ವಿ. ಗಡಿಬಿಡ್ಯಾಗ ಬಾಜೂಕಿಂದನ ಒಳಗ ನುಗ್ಗಿದ್ವಿ. ಹೊರಸಿನ ಮ್ಯಾಲಿಂದ ದನಿ ಬಂತು, "ನನ್ನ ಟೊಂಕಾ ಮುರದೈತಿ, ಕಣ್ಣಲ್ಲ. ಹಿಂದಕ್ಕ ಹೋಗಿ ಬಾಗಲದಿಂದ ಬರ್ರಿ."

ಹೋಗಿ ಬಂದ್ವಿ. ಆಕಿ ಒಬ್ಬೊಬ್ಬರ ಮಾರಿ ನೋಡಿದ್ಲು. "ನೀವು ಯಾಕ ನನ್ನ ಕರಕೊಂಡು ಹೋಗವಲ್ರಿ ಅಂತ ನನಗ ಗೊತ್ತಿಲ್ಲಂತ ತಿಳದೀರೇನು? ಹೋಗಿ ಬಂದ್ರ ಓಣಿ ಮುಗೀತು ಅಂತ ಅಂಜ್ತೀರಿ. ಹುಚ್ಚಪ್ಪಗೋಳ್ಯಾ, ನಾ ಸತ್ರ ಹೆಂಗೂ ಮುಗೀತೈತಿ. ಇದ್ದಾಗ ಹ್ವಾದ್ರ ಬುತ್ತಿಯಾದ್ರೂ ರುಚಿ ಇರ್ತೈತಿ."

ಕಾಕಾ ಅಳೂದು ನಗೂದು ಎರಡೂ ಕೂಡೆ ಮಾಡಿದ್ರು. ದೊಡ್ಡವ್ವ ಹೊರಸು ಬಿಟ್ಟೆದ್ದು ಅಡ್ಡಾಡಾಕ ಹತ್ತಿದ ಮ್ಯಾಲ ದಸರಾ ಸೂಟಿಗೆ ಟಿಕೀಟ ಆತು. ಕಾಕಾ ಈ ಸಲ ಅಂಗಡಿಗೆ ಕೀಲಿ ಹಾಕಿ, ಕೀಲಿಕೈ ತಂದು ದೊಡ್ಡವ್ವನ ಕೈಯಾಗ ಕೊಟ್ರು.

ಕ್ವಾಟಿ ಒಳಗಿನ ಓಣಿ

ಅಂತೂ ಮುಟ್ಟಿದ್ವಿ. ಹಳದಿ ಕ್ವಾಟಿ, ಮುಂಜಾನಿ ಬಿಸಲಾಗ ಹೊಳ್ಯಾಕತ್ತಿತ್ತು. ಒಳಗ ಹೋದ್ರ ಎರಡ ಮಾರು ಅಗಲದ ಓಣಿ, ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ, ಮನಿ ಮುಂದ ಕಟ್ಟಿ, ಈ ಕಟ್ಟಿಯಿಂದ ಆ ಕಟ್ಟಿಗೆ ಮಾತು. ನಾವೆಲ್ಲಾ ಕಟ್ಟಿ ಮುಟ್ಟಿ ಮುಟ್ಟಿ ನೋಡಿದ್ವಿ. ಗೈಡ್ ಸುದ್ದಾ ಕೆಮ್ಮಲಿಲ್ಲ.

ಅಲ್ಲಿಯ ಗೈಡ್ ಒಬ್ಬ ಬಂದು ಇತಿಹಾಸ ಹೇಳಾಕ ಹತ್ತಿದ. ನಮ್ಮ ಗೈಡಿಗೆ ತಡಕೊಳ್ಳಾಕ ಆಗಲಿಲ್ಲ. ಆಂವ ಒಂದು ಹೇಳಿದ್ರ ಈಂವ ಬಾದಾಮೀದು ಎರಡು ಹೇಳಾಂವ. ಇಬ್ಬರ ಜಗಳ ಬಿಡಿಸಿ ಹೊಳ್ಳಿ ನೋಡ್ತೀನಿ, ದೊಡ್ಡವ್ವ ಇಲ್ಲ! ಜೀವ ಹಾರಿ ಹೋತು. ಸೀಟಿ ಊದ್ಕೋಂತ ಓಣಿ ಓಣಿ ಓಡಿದೆ. ನೋಡಿದ್ರ ಒಂದು ಮನಿ ಕಟ್ಟಿ ಮ್ಯಾಲ, ಆಕೀದ ವಯಸ್ಸಿನ ಒಬ್ಬ ಅಜ್ಜಿ ಬಾಜೂಕ ಕುಂತು, ಆ ಅಜ್ಜಿ ಮೊರದಾಗಿನ ಕಾಳು ಹಸನ ಮಾಡಿ ಕೊಡಾಕತ್ತಾಳ. ಆಕಿ ಆಕಿ ಭಾಷಾದಾಗ ಮಾತಾಡ್ತಾಳ, ಈಕಿ ಈಕಿ ಭಾಷಾದಾಗ. ಇಬ್ಬರಿಗೂ ಏನೂ ತೊಡಕಿಲ್ಲ.

"ಮಾಸ್ತರ, ಇಲ್ಲಿ ನೋಡ, ಸಜ್ಜಿ! ಉಸುಕಿನ್ಯಾಗೂ ಸಜ್ಜಿ ಬೆಳದಾರ. ನಮ್ಮ ಪೈಕಿ ಮಂದೀನ ಇವರು" ಅಂದ್ಲು.

ಹಿಂದ ಬಂದ ಅಲ್ಲಿಯ ಗೈಡ್ ಎದಿ ಉಬ್ಬಿಸಿ ಹಿಂದ್ಯಾಗ ಏನೋ ಹೇಳಿದ. ನಮ್ಮ ಗೈಡ್ ಕನ್ನಡ ಮಾಡಿದ, "ದೊಡ್ಡವ್ವ, ಮೊದಲ ಇವರು ಕೊಡಾ ಹೊತ್ಕೊಂಡು ನೀರಿಗೆ ದೂರ ಹೋಗ್ತಿದ್ರಂತ. ಈಗ ಎಲ್ಲಿದೋ ಡ್ಯಾಮಿನ ಕಾಲುವಿ ಈ ಕಡೆ ಬಂದು, ಮನಿ ಮನಿಗೆ ನಳದಾಗ ನೀರಂತ."

ದೊಡ್ಡವ್ವನ ಕೈ ಸಜ್ಜ್ಯಾಗ ನಿಂತು ಬಿಡ್ತು. "ಡ್ಯಾಮು? ಇಲ್ಲೂ ಬಂತಾ?"

ಎದ್ಲು. ಅಜ್ಜಿ ಮನಿ ತಲಬಾಗಲದ ಹಂತೇಕ ಹೋಗಿ ಹಳೇ ಕಟಿಗಿ ಚೌಕಟ್ಟನ್ನ ಬೆರಳಿಲೆ ಬಡದು ನೋಡಿದ್ಲು. ಕೆಳಗ ಬಗ್ಗಿ ಹೊಸ್ತಲಾ ಮುಟ್ಟಿ ನೋಡಿದ್ಲು. "ಗಟ್ಟಿ ಐತಿ" ಅಂದು ನಮ್ಮ ಗೈಡಿನ ಕಡೆ ಹೊಳ್ಳಿದ್ಲು.

"ತಮ್ಮಾ, ಆಕಿಗೆ ಸಾವಕಾಶ ತಿಳಿಸಿ ಹೇಳು. ಹೆದರಬ್ಯಾಡ ಅನ್ನು. ನೀರು ಹೊಸ್ತಲಾ ಮುಟ್ಟೂದ್ರಾಗ ಈ ಚೌಕಟ್ಟು ಮಾತ್ರ ಕಿತ್ತಿಟ್ಕೋ ಅನ್ನು. ಎಲ್ಲಿ ಇಡೂದು ಅಂತ ಚಿಂತಿ ಬ್ಯಾಡ. ನಮ್ಮ ಅಂಗಳದಾಗ ಜಾಗಾ ಭಾಳ ಐತಿ, ನನ್ನ ಬಾಗಲದ ಬಾಜೂಕ ನಿಂದ್ರಸೂಣು."

ಗೈಡ್ ತೊದಲಿಕೋಂತ ಹಿಂದಿ ಮಾಡಿದ. ಅಜ್ಜಿ ಮೊದಲ ಬಾಯಿ ತುಂಬಾ ನಕ್ಕಳು. ಆಮ್ಯಾಲೆ ಏನ ತಿಳೀತೋ, ದೊಡ್ಡವ್ವನ ಎರಡೂ ಕೈ ಹಿಡಕೊಂಡ್ಲು, ಬಿಡವಲ್ಲಳು. ಕಾಕಾ ಗ್ವಾಡಿ ಕಡೆ ಮಾರಿ ಮಾಡಿ ನಿಂತ್ರು. ನಾನು ಏನ ಮಾಡಬೇಕೋ ತಿಳೀಲಾರದ ಸೀಟಿ ಊದಿದೆ.

ದೊಡ್ಡವ್ವ ಸಿಟ್ಟಿಲೇ ನಮ್ಮ ಕಡೆ ನೋಡಿದ್ಲು. "ಸೀಟಿ ಏನ ಊದ್ತೀ? ಕೂಡಾಕ ನೆವಾ ಇಲ್ಲಂತ ಅಳ್ತಿದ್ರಲ್ಲೋ, ತಗೋರ್ರಿ ನೆವಾ. ಈಕೀನ ಸಂಕ್ರಮಣಕ್ಕ ಸಂಗಮಕ್ಕ ಕರಸೂದು ಹೆಂಗಂತ ಕುಂತು ಪ್ಲಾನ್ ಮಾಡ್ರಿ. ಗಡಿಬಿಡಿ ಏನಿಲ್ಲ. ನಿಮ್ಮ ಪದ್ಧತಿ ಪ್ರಕಾರ ಹತ್ತು ವರ್ಷ ಬೇಕಾದ್ರೂ ತಗೋರ್ರಿ, ನಾವಿಬ್ರೂ ಇರ್ತೇವಿ!"